ತಾಳಿ ಕಟ್ಟುವ ಜಾಗದಲ್ಲಿ ಮುದ್ದೆ ಬಡಿಸುತ್ತಿದ್ದಾರೆ! ಕ್ಲಿಪ್ ಇಂಪೋರ್ಟ್ ಗೊತ್ತಿರುವವರು ದಯವಿಟ್ಟು ನೋಡಿ

ಕಬ್ಬಿನಗದ್ದೆ (ಮಂಡ್ಯ) · ಗುರುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಫೋಟೋ ಕೆಲಸ ಎಂಟು ವರ್ಷದಿಂದ ಗೊತ್ತು. ವಿಡಿಯೋ ಮಿಕ್ಸಿಂಗ್ ಮಾತ್ರ ಮೈಸೂರಿಗೆ ಕಳಿಸಿ ಮಾಡಿಸುತ್ತಿದ್ದೆ. ಈ ವರ್ಷ ನಾನೇ ಕಲಿಯೋಣ ಅಂತ ಪ್ರೀಮಿಯರ್ ಪ್ರೋ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಮೂರನೇ ಮದುವೆಗೇ ದೊಡ್ಡ ಎಡವಟ್ಟು ಆಗಿದೆ.

ಭಾನುವಾರ ಮದುವೆ. ನನ್ನ ಕೈಯಲ್ಲಿ ಸೋನಿ, ಭಾವಮೈದನ ಕೈಯಲ್ಲಿ ಕ್ಯಾನನ್. ಹುಡುಗನ ಕಡೆಯವರು ಸ್ಟೇಟಸ್‌ಗೆ ಹಾಕೋಕೆ ಒಂದು ನಿಮಿಷದ ಟೀಸರ್ ರಾತ್ರಿಯೇ ಬೇಕು ಅಂದರು. ಸೋನಿ ಕಾರ್ಡನ್ನು ರೀಡರ್‌ಗೆ ಹಾಕಿ, ಕಾರ್ಡಿನಿಂದಲೇ ಕ್ಲಿಪ್ ಎಳೆದು ಪ್ರಾಜೆಕ್ಟಿಗೆ ಬಿಟ್ಟೆ. ಟೀಸರ್ ಆಯಿತು. ಕೈ ಬಿಸಿ ಇದೆ ಅಂತ ಧಾರೆ, ಮಾಂಗಲ್ಯ ಎಲ್ಲಾ ಟೈಮ್‌ಲೈನಿನಲ್ಲಿ ಜೋಡಿಸಿಯೂ ಬಿಟ್ಟೆ. ಮಲಗುವ ಮುಂಚೆ ಕಾರ್ಡಿನಲ್ಲಿದ್ದ 58 ಕ್ಲಿಪ್‌ಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನ 'ನ್ಯೂ ಫೋಲ್ಡರ್'ಗೆ ಕಾಪಿ ಮಾಡಿದೆ. ಸೋಮವಾರ ಕಾರ್ಡ್ ಫಾರ್ಮ್ಯಾಟ್ ಮಾಡಿದೆ.

ಮಂಗಳವಾರ ಬೀಗರೂಟ. ಅದೇ ಕಾರ್ಡು, 40 ಕ್ಲಿಪ್. ಬುಧವಾರ ಅದನ್ನೂ ಅದೇ 'ನ್ಯೂ ಫೋಲ್ಡರ್'ಗೆ ಎಳೆದೆ. ವಿಂಡೋಸ್ ಏನೋ ಕೇಳಿತು. ರಿಪ್ಲೇಸ್ ಅಂತ ಒತ್ತಿದೆ.

ಇವತ್ತು ಪ್ರಾಜೆಕ್ಟ್ ತೆರೆದರೆ ಎಲ್ಲಾ ಕೆಂಪು, ಮೀಡಿಯಾ ಆಫ್‌ಲೈನ್. ಫೈಲ್ ಎಲ್ಲಿದೆ ಅಂತ ಕೇಳಿತು, ಹಾರ್ಡ್‌ಡಿಸ್ಕಿನ ಫೋಲ್ಡರ್ ತೋರಿಸಿದೆ. ಒಂದೇ ಏಟಿಗೆ ಕೆಂಪು ಹೋಯಿತು. ಖುಷಿಯಾಗಿ ಪ್ಲೇ ಒತ್ತಿದರೆ, ವಾಲಗ ಜೋರಾಗಬೇಕಾದ ಜಾಗದಲ್ಲಿ ಹುಡುಗಿಯ ಮಾವ ಮುದ್ದೆ ಮುರಿಯುತ್ತಿದ್ದಾರೆ. ತಾಳಿ ಕಟ್ಟುವ ಕಡೆ ಯಾರೋ ಮಟನ್ ಸಾರಿನ ಬಕೆಟ್ ಹಿಡಿದು ಬರುತ್ತಾರೆ. ನನ್ನ ಹೆಂಡತಿ ನಕ್ಕಳು, ನನಗೆ ಅಳು ಬಂತು.

ಏನಾಗಿದೆ? ಧಾರೆ ಕ್ಲಿಪ್‌ಗಳು ಎಲ್ಲಿ ಹೋದವು? ವಾಪಸ್ ಬರುತ್ತವಾ?

ಒಂಟಿಕೊಪ್ಪಲ್ ಎಡಿಟರ್ (ಮೈಸೂರು) · ಗುರುವಾರ ರಾತ್ರಿ 10:52

ಮಿಕ್ಕಿದ್ದು ಆಮೇಲೆ. ಈಗ ಈ ನಿಮಿಷ ಆ ಕಾರ್ಡು, ಆ ಹಾರ್ಡ್‌ಡಿಸ್ಕು ಎರಡನ್ನೂ ಕಂಪ್ಯೂಟರಿನಿಂದ ತೆಗೆದು ಬೀರುವಿಗೆ ಇಡಿ. ಒಂದು ಫೋಟೋ ಕೂಡ ಅದರ ಮೇಲೆ ಬರೆಯಬೇಡಿ. ನಾಳೆ ಬೇರೆ ಫಂಕ್ಷನ್ ಇದ್ದರೆ ಬೇರೆ ಕಾರ್ಡ್ ಕೊಳ್ಳಿ.

ಎರಡು ಪ್ರಶ್ನೆ. ಕಾರ್ಡ್ ಎಷ್ಟು ಜಿಬಿ? ಹಾರ್ಡ್‌ಡಿಸ್ಕ್ ಸುತ್ತುವ ಹಳೇ ಮಾದರಿಯದಾ, ಎಸ್‌ಎಸ್‌ಡಿನಾ?

ಮದ್ದೂರು ವಡೆ · ಗುರುವಾರ ರಾತ್ರಿ 10:58

ಅಣ್ಣ ಬೇಜಾರಾಗಬೇಡಿ, ಆದರೆ ಮಂಡ್ಯದ ಮದುವೆಯಲ್ಲಿ ತಾಳಿಗಿಂತ ಬೀಗರೂಟವೇ ಮುಖ್ಯ ಅಂತ ಸಾಫ್ಟ್‌ವೇರಿಗೂ ಗೊತ್ತಾಗಿದೆ.

ಕಬ್ಬಿನಗದ್ದೆ · ಗುರುವಾರ ರಾತ್ರಿ 11:05

ನಗಿ ಸ್ವಾಮಿ ನಗಿ, ಹುಡುಗಿ ಅಪ್ಪ ನಾಳೆ ಫೋನ್ ಮಾಡುತ್ತಾರೆ ☹️

ಒಂಟಿಕೊಪ್ಪಲ್ ಸಾರ್, ಕಾರ್ಡ್ 64 ಜಿಬಿ. ಮದುವೆಯ ದಿನ 55 ಜಿಬಿ ತುಂಬಿತ್ತು. ಬೀಗರೂಟ 18 ಜಿಬಿ. ಹಾರ್ಡ್‌ಡಿಸ್ಕ್ ಸುತ್ತುವುದೇ. ಎರಡೂ ತೆಗೆದಿಟ್ಟೆ.

ಒಂಟಿಕೊಪ್ಪಲ್ ಎಡಿಟರ್ · ಗುರುವಾರ ರಾತ್ರಿ 11:40

ಹಾಗಾದರೆ ಆಸೆ ಇದೆ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಸಿಹೋಗುವುದು ಫೈಲುಗಳ ಪಟ್ಟಿ ಮಾತ್ರ. ಒಳಗಿನ ವಿಡಿಯೋ ಅದರ ಪಾಡಿಗೆ ಅಲ್ಲೇ ಇರುತ್ತದೆ, ಅದರ ಮೇಲೆ ಹೊಸದು ಬರೆಯುವ ತನಕ. ನಿಮ್ಮ ಬೀಗರೂಟ ಹೆಚ್ಚುಕಡಿಮೆ ಕಾರ್ಡಿನ ಮೊದಲ 18 ಜಿಬಿ ನುಂಗಿರಬೇಕು. ಉಳಿದ 37 ಜಿಬಿಯ ಮದುವೆ ಇನ್ನೂ ಅಲ್ಲೇ ಮಲಗಿರಬಹುದು. ಫೋಟೋರೆಕ್ ಅಂತ, ಅಳಿಸಿಹೋದ ಫೈಲ್ ಹುಡುಕಿ ಕೊಡುವ ಒಂದು ಉಚಿತ ಸಾಫ್ಟ್‌ವೇರ್ ಇದೆ. ನೋಡೋಕೆ ಕಪ್ಪು ಪರದೆ, ಬಿಳಿ ಅಕ್ಷರ, ಹೆದರಬೇಡಿ. ಕಾರ್ಡನ್ನು ಓದಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಬರೆಸಿ. ಅದೇ ಕಾರ್ಡಿಗೆ ಬರೆಸಿದರೆ ಕಥೆ ಮುಗಿಯಿತು. ಹಾರ್ಡ್‌ಡಿಸ್ಕಿಗೆ ಅದೇ ತರಹದ ರಿಕುವಾ ಕೂಡ ಓಡಿಸಿ ನೋಡಿ. ಎಸ್‌ಎಸ್‌ಡಿ ಆಗಿದ್ದರೆ ಅಲ್ಲಿ ಆಸೆ ಬಿಡಿ ಅನ್ನುತ್ತಿದ್ದೆ, ಅದು ಬೇಡದ ಜಾಗವನ್ನು ತಾನೇ ಗುಡಿಸಿ ಇಟ್ಟುಬಿಡುತ್ತದೆ.

ಇನ್ನು ಏನಾಯಿತು ಅನ್ನೋದು. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೇನೆ.

ಇಂಪೋರ್ಟ್ ಅಂದರೆ ಕಾಪಿ ಅಲ್ಲ. ಪ್ರೀಮಿಯರ್ ಆಗಲಿ, ಡಾವಿಂಚಿ ರಿಸಾಲ್ವ್ ಆಗಲಿ, ಕೆಡೆನ್‌ಲೈವ್ ಆಗಲಿ, ನೀವು ಕ್ಲಿಪ್ ಎಳೆದು ಒಳಗೆ ಬಿಟ್ಟಾಗ ವಿಡಿಯೋ ಒಳಗೆ ಬರುವುದಿಲ್ಲ. ಅದರ ವಿಳಾಸ ಮಾತ್ರ ಬರುತ್ತದೆ. ಲಗ್ನಪತ್ರಿಕೆ ನೋಡಿ. ಅದರಲ್ಲಿ ಛತ್ರದ ಹೆಸರು, ರಸ್ತೆ ಎಲ್ಲಾ ಇರುತ್ತದೆ. ಛತ್ರ ಪತ್ರಿಕೆಯೊಳಗೆ ಇರುತ್ತದಾ? ಪ್ರಾಜೆಕ್ಟ್ ಫೈಲ್ ಅಂದರೆ ಲಗ್ನಪತ್ರಿಕೆ ಅಷ್ಟೇ. ಅದಕ್ಕೇ ಸಾಮಾನ್ಯವಾಗಿ ಎರಡು ಗಂಟೆ ಮದುವೆಯ ಪ್ರಾಜೆಕ್ಟ್ ಫೈಲ್ ಒಂದು ಫೋಟೋದಷ್ಟು ದೊಡ್ಡದೂ ಇರುವುದಿಲ್ಲ.

ನೀವು ಎಳೆದು ಬಿಟ್ಟಾಗ ಹೋದ ವಿಳಾಸ 'ಜಿ ಡ್ರೈವ್, ಕ್ಲಿಪ್ ಫೋಲ್ಡರ್, ಸಿ0027' ಅಂತ ಇಟ್ಟುಕೊಳ್ಳಿ. ಜಿ ಡ್ರೈವ್ ಅಂದರೆ ಕಾರ್ಡ್ ರೀಡರ್. ಕಾರ್ಡ್ ತೆಗೆದಿರಿ, ವಿಳಾಸ ಸುಳ್ಳಾಯಿತು, ಕೆಂಪು ಬಂತು. ಇಲ್ಲಿಯ ತನಕ ಏನೂ ತೊಂದರೆ ಇರಲಿಲ್ಲ.

ಆಮೇಲೆ ನೀವು ಬೇರೆ ಫೋಲ್ಡರ್ ತೋರಿಸಿದಿರಿ. ಲಿಂಕ್ ಮೀಡಿಯಾ ಅನ್ನುವ ಆ ಕಿಟಕಿಯಲ್ಲಿ, ನಾವು ಬೇರೇನೂ ಟಿಕ್ ಮಾಡದಿದ್ದರೆ, ಪ್ರೀಮಿಯರ್ ನೋಡುವುದು ಫೈಲಿನ ಹೆಸರು ಮತ್ತು ಎಕ್ಸ್‌ಟೆನ್ಷನ್. ಸಿ0027 ಬೇಕು, ಸಿ0027 ಸಿಕ್ಕಿತು, ಸರಿ ಅಂದಿತು. ಒಂದು ಸಿಕ್ಕಿದ ಮೇಲೆ ಉಳಿದವನ್ನೂ ಅದೇ ಫೋಲ್ಡರಿನಿಂದ ತಾನೇ ಹುಡುಕಿಕೊಂಡಿತು. ಒಂದೇ ಹೆಸರಿನ ಎರಡು ಛತ್ರ ಇರುವ ಊರಲ್ಲಿ, ಬೇರೆಯವರ ಮದುವೆಗೆ ಹೋಗಿ ಉಂಡು ಮುಯ್ಯಿ ಮಾಡಿ ಬಂದ ಹಾಗೆ.

ಎರಡು ಸಿ0027 ಯಾಕೆ ಬಂತು? ನಿಮ್ಮ ಕ್ಯಾಮೆರಾ ಫಾರ್ಮ್ಯಾಟ್ ಆದ ಮೇಲೆ ಮತ್ತೆ ಸಿ0001ರಿಂದ ಎಣಿಸುತ್ತಿದೆ. ನೀವು ರಿಪ್ಲೇಸ್ ಒತ್ತಿದಾಗ ಮದುವೆಯ ಫೈಲ್ ಹೋಗಿ ಅದೇ ಹೆಸರಿನ ಬೀಗರೂಟದ ಫೈಲ್ ಆ ಜಾಗಕ್ಕೆ ಬಂತು. ಮೆನುವಿನಲ್ಲಿ ಫೈಲ್ ನಂಬರ್ ಅಂತ ಇದೆಯಾ ನೋಡಿ, ರೀಸೆಟ್ ಇದ್ದರೆ ಸೀರೀಸ್ ಮಾಡಿ. ಆದರೂ ಅದನ್ನೊಂದೇ ನಂಬಬೇಡಿ.

ಹಳೇ ಕ್ಯಾಸೆಟ್ (ಮೈಸೂರು) · ಶುಕ್ರವಾರ ಬೆಳಿಗ್ಗೆ 6:15

ತಮ್ಮಾ, ನಾನು ವಿಎಚ್‌ಎಸ್ ಕಾಲದಿಂದ ಈ ಕೆಲಸದಲ್ಲಿ ಇದ್ದೇನೆ. ಮಿನಿ ಡಿವಿ ಟೇಪ್ ಇದ್ದಾಗ ಒಂದು ಗಂಟೆ ಟೇಪನ್ನು ಕಂಪ್ಯೂಟರಿಗೆ ಇಳಿಸೋಕೆ ಪೂರಾ ಒಂದು ಗಂಟೆ ಬೇಕಿತ್ತು. ಸುಮಾರು 13 ಜಿಬಿ ಆಗುತ್ತಿತ್ತು. ಆಗ ಅದು ಶಿಕ್ಷೆ ಅನ್ನಿಸುತ್ತಿತ್ತು. ಕ್ಯಾಪ್ಚರ್ ಆಗುವಾಗ ಎದ್ದು ಹೋಗುವ ಹಾಗಿಲ್ಲ, ಟೇಪ್ ಸಿಕ್ಕಿಕೊಂಡರೆ? ಹಾಗಾಗಿ ಕಾಫಿ ಕುಡಿಯುತ್ತಾ ಪೂರ್ತಿ ಮದುವೆ ನೋಡುತ್ತಿದ್ದೆವು. ಪಕ್ಕದಲ್ಲಿ ಒಂದು ನೋಟ್‌ಬುಕ್. '23ನೇ ನಿಮಿಷ, ಅಜ್ಜಿ ಕಣ್ಣೊರೆಸಿಕೊಂಡಿದ್ದು ಚೆನ್ನಾಗಿದೆ' ಅಂತ ಬರೆದುಕೊಳ್ಳುತ್ತಿದ್ದೆವು.

ಈಗ ಹತ್ತು ನಿಮಿಷದಲ್ಲಿ ಕಾಪಿ. ಆದರೆ ಯಾರೂ ಫುಟೇಜ್ ನೋಡುವುದಿಲ್ಲ. ಸೀದಾ ಟೈಮ್‌ಲೈನಿಗೆ ಸುರಿದುಕೊಂಡು ಕತ್ತರಿ ಹಿಡಿಯುತ್ತಾರೆ. ನಿನ್ನ 58 ಕ್ಲಿಪ್‌ನಲ್ಲಿ ಏನೇನಿತ್ತು ಅಂತ ನಿನಗೆ ಬಾಯಲ್ಲಿ ಹೇಳೋಕೆ ಬರುತ್ತದಾ?

ಇನ್ನೊಂದು. ಟೇಪಿನ ಮೇಲೆ ಚೀಟಿ ಅಂಟಿಸದೆ ಕ್ಯಾಮೆರಾದಿಂದ ತೆಗೆದರೆ ನಮ್ಮ ಗುರುಗಳು ಕೈ ಮೇಲೆ ಹೊಡೆಯುತ್ತಿದ್ದರು. 'ನ್ಯೂ ಫೋಲ್ಡರ್' ಅಂದರೆ ಚೀಟಿ ಇಲ್ಲದ ಟೇಪು.

ಕಬ್ಬಿನಗದ್ದೆ · ಶುಕ್ರವಾರ ಬೆಳಿಗ್ಗೆ 8:30

ಹೇಳೋಕೆ ಬರಲ್ಲ ಸಾರ್. ನಿಜ.

ಫೋಟೋರೆಕ್ ಓಡುತ್ತಿದೆ. ಮೂರು ಗಂಟೆ ಅಂತ ತೋರಿಸುತ್ತಿದೆ. ಅಲ್ಲಿಯ ತನಕ ಇದನ್ನು ಹೇಳಿ. ಮುಂದಿನ ಮದುವೆಗೆ ಫೋಲ್ಡರ್ ಹೇಗೆ ಮಾಡಲಿ? ಸಾಫ್ಟ್‌ವೇರ್ ಒಳಗೆ ಕ್ಲಿಪ್ ಗುಂಪು ಮಾಡೋಕೆ ಬಿನ್ ಅಂತ ಇದೆಯಲ್ಲ, ಅದಕ್ಕೂ ಫೋಲ್ಡರಿಗೂ ಏನು ವ್ಯತ್ಯಾಸ?

ಆಲೆಮನೆ ಹೊಗೆ (ಸರಸ್ವತಿಪುರಂ, ಮೈಸೂರು) · ಶುಕ್ರವಾರ ಬೆಳಿಗ್ಗೆ 9:20

ಇದಕ್ಕೆ ನಾನು ಹೇಳುತ್ತೇನೆ. ಇದೇ ವಿಷಯಕ್ಕೆ ನಾನು ಎರಡು ತಿಂಗಳು ಒದ್ದಾಡಿದ್ದೇನೆ. ನಾನು ಮದುವೆ ಮಾಡುವವಳಲ್ಲ. ಪಾಂಡವಪುರದ ಹತ್ತಿರ ಒಂದು ಆಲೆಮನೆಯ ಮೇಲೆ ಸಣ್ಣ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ರಿಸಾಲ್ವ್ ಬಳಸುತ್ತೇನೆ, ಉಚಿತದ್ದು.

ಡಿಸ್ಕಿನ ಫೋಲ್ಡರ್ ಅಂದರೆ ಉಗ್ರಾಣ. ಬಿನ್ ಅಂದರೆ ಅಡುಗೆ ಕಟ್ಟೆ. ಉಗ್ರಾಣದಲ್ಲಿ ಅಕ್ಕಿ ಮೂಟೆ ಯಾವ ದಿನ ಬಂತು, ಯಾವ ಗದ್ದೆಯದು ಅಂತ ಜೋಡಿಸುತ್ತೀರಿ. ಕಟ್ಟೆಯ ಮೇಲೆ ಪಲ್ಯಕ್ಕೆ ಏನು ಬೇಕು, ಸಾರಿಗೆ ಏನು ಬೇಕು ಅಂತ ಜೋಡಿಸುತ್ತೀರಿ. ಇವೆರಡನ್ನು ಕಲಸಿದ್ದೇ ನನ್ನ ತಪ್ಪು. ನಾನು ಡಿಸ್ಕಿನಲ್ಲೇ 'ಕೊಪ್ಪರಿಗೆ', 'ಗಾಣ', 'ಮಾತು' ಅಂತ ಫೋಲ್ಡರ್ ಮಾಡಿ ಫೈಲ್‌ಗಳನ್ನು ಆ ಕಡೆ ಈ ಕಡೆ ಓಡಿಸುತ್ತಿದ್ದೆ. ಇಂಪೋರ್ಟ್ ಆದ ಮೇಲೆ ಒಂದು ದಿನ ಹೀಗೇ ಓಡಿಸಿದೆ. 60 ಕ್ಲಿಪ್ ಕೆಂಪು.

ಈಗ ಡಿಸ್ಕಿನಲ್ಲಿ ತಾರೀಖು, ಕ್ಯಾಮೆರಾ, ಕಾರ್ಡ್, ಇಷ್ಟೇ. ನಿಮ್ಮ ಭಾನುವಾರದ್ದಾದರೆ '2025-05-11_ಎಕ್ಯಾಮ್_ಕಾರ್ಡ್1'. ಎಕ್ಯಾಮ್ ಅಂದರೆ ಮೊದಲ ಕ್ಯಾಮೆರಾ, ಎರಡನೆಯದು ಬಿ. ಬೀಗರೂಟಕ್ಕೆ '2025-05-13_ಎಕ್ಯಾಮ್_ಕಾರ್ಡ್1'. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರೆದರೆ ತಾವೇ ಸಾಲಾಗಿ ನಿಲ್ಲುತ್ತವೆ. ಹೀಗಿದ್ದಿದ್ದರೆ ಎರಡು ಸಿ0027 ಮುಖ ನೋಡಿಕೊಳ್ಳುತ್ತಲೇ ಇರಲಿಲ್ಲ. ಕಾರ್ಡಿನಲ್ಲಿ ಇರುವುದನ್ನು ಪೂರ್ತಿ ಕಾಪಿ ಮಾಡಿ. ಸೋನಿಯಲ್ಲಿ 'ಪ್ರೈವೇಟ್' ಅಂತ ಒಂದು ಫೋಲ್ಡರ್, ಅದರೊಳಗೆ 'ಎಂ4ರೂಟ್', ಅದರೊಳಗೆ 'ಕ್ಲಿಪ್'. ವಿಡಿಯೋ ಮಾತ್ರ ಹೆಕ್ಕಬೇಡಿ, ಪಕ್ಕದ ಎಕ್ಸ್‌ಎಂಎಲ್ ಫೈಲುಗಳೂ ಬರಲಿ. ಒಮ್ಮೆ ಇಟ್ಟ ಮೇಲೆ ಆ ಫೋಲ್ಡರ್ ದೇವರ ಮನೆ ಇದ್ದ ಹಾಗೆ. ಹೆಸರು ಬದಲಿಸುವುದಿಲ್ಲ, ಜಾಗ ಬದಲಿಸುವುದಿಲ್ಲ.

ಬದಲಿಸುವುದೆಲ್ಲ ಬಿನ್ನಿನಲ್ಲಿ. ಅಲ್ಲಿ ಕ್ಲಿಪ್ ಹೆಸರನ್ನು 'ಪಾಕ ಉಕ್ಕಿದ್ದು' ಅಂತ ಬದಲಿಸಿದರೂ ಡಿಸ್ಕಿನ ಫೈಲಿಗೆ ಏನೂ ಆಗುವುದಿಲ್ಲ. ರಿಸಾಲ್ವ್‌ನಲ್ಲಿ ಕ್ಲಿಪ್ ಹೆಸರು ಬೇರೆ, ಫೈಲ್ ಹೆಸರು ಬೇರೆ. ಪ್ರೀಮಿಯರಿನಲ್ಲೂ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಹೆಸರು ಬದಲಿಸಿದರೆ ಡಿಸ್ಕಿನದು ಹಾಗೇ ಇರುತ್ತದೆ.

ಒಂಟಿಕೊಪ್ಪಲ್ ಎಡಿಟರ್ · ಶುಕ್ರವಾರ ಬೆಳಿಗ್ಗೆ 10:05

ಮೇಡಂ ಸರಿಯಾಗಿ ಹೇಳಿದರು. ಪ್ರೀಮಿಯರಿನವರಿಗೆ ಒಂದು ಮಾತು. ವಿಂಡೋಸ್ ಫೋಲ್ಡರಿನಿಂದ ಎಳೆಯುವ ಬದಲು ಒಳಗಿನ ಮೀಡಿಯಾ ಬ್ರೌಸರ್‌ನಿಂದ ತನ್ನಿ. ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ತುಂಡು ಮಾಡಿ ಬರೆದಿದ್ದರೆ, ಕಾರ್ಡಿನ ಫೋಲ್ಡರ್ ರಚನೆ ಹಾಗೇ ಇದ್ದರೆ, ಅದು ಒಂದೇ ಕ್ಲಿಪ್ ಆಗಿ ಬರುತ್ತದೆ. ಅಲ್ಲೇ ಇಂಜೆಸ್ಟ್ ಅಂತ ಒಂದು ಟಿಕ್ ಇದೆ. ಕಾಪಿ ಅಂತ ಆರಿಸಿ ಜಾಗ ತೋರಿಸಿದರೆ, ಕಾರ್ಡಿನಿಂದ ಎಳೆದರೂ ಹಿಂದೆ ಅದೇ ಕಾಪಿ ಮಾಡಿ ಪ್ರಾಜೆಕ್ಟನ್ನು ಆ ಕಾಪಿಗೆ ಜೋಡಿಸುತ್ತದೆ. ರಾತ್ರಿ ಟೀಸರ್ ಕೇಳುವ ಬೀಗರಿಗೆ ಇದೇ ಮದ್ದು.

ರಿಸಾಲ್ವ್‌ನವರಿಗೆ ಮೀಡಿಯಾ ಪುಟದಲ್ಲಿ ಕ್ಲೋನ್ ಟೂಲ್ ಇದೆ. ಕಾರ್ಡಿನದ್ದನ್ನು ಇದ್ದಂಗೇ ಡಿಸ್ಕಿಗೆ ಇಳಿಸಿ, ಎರಡೂ ಒಂದೇನಾ ಅಂತ ಚೆಕ್‌ಸಮ್ ಹಾಕಿ ನೋಡುತ್ತದೆ. ಬಹಳ ಜನ ಅದನ್ನು ತೆರೆದೇ ನೋಡಿಲ್ಲ.

ಬನ್ನಿಮಂಟಪ ಬಾಯ್ · ಶುಕ್ರವಾರ ಬೆಳಿಗ್ಗೆ 11:30

ಮಧ್ಯೆ ಬಾಯಿ ಹಾಕ್ತೀನಿ. ಕಳೆದ ದಸರಾದಲ್ಲಿ ಜಂಬೂಸವಾರಿ ಹೋಗುವ ದಾರಿಯಲ್ಲಿ ಸ್ನೇಹಿತನ ಮನೆ ಮಹಡಿ ಮೇಲೆ ಗೋಪ್ರೋ ಕಟ್ಟಿಟ್ಟಿದ್ದೆ. ಇನ್ನೊಂದು ಕೈಯಲ್ಲಿ ಫೋನ್. ಮನೆಗೆ ಬಂದು ಎಲ್ಲಾ ಹಾಕಿ ಪ್ಲೇ ಮಾಡಿದರೆ, 750 ಕೆಜಿ ಅಂಬಾರಿ ಹೊತ್ತ ಆನೆ ಅರ್ಧ ಬೀದಿ ದಾಟಿದ ಮೇಲೆ ಮಾಯ! ಅದರ ಜಾಗದಲ್ಲಿ ಯಾವುದೋ ಸ್ತಬ್ಧಚಿತ್ರ. ಅದಾದ ಮೇಲೆ ಮತ್ತೆ ಆನೆ ಸೊಂಡಿಲು. ನನ್ನದೂ ರಿಪ್ಲೇಸ್ ಆಗಿದೆಯಾ?

ಒಂಟಿಕೊಪ್ಪಲ್ ಎಡಿಟರ್ · ಶುಕ್ರವಾರ ಬೆಳಿಗ್ಗೆ 11:48

ಇಲ್ಲ, ನಿಮ್ಮದು ಸಾಲು ತಪ್ಪಿದೆ ಅಷ್ಟೇ. ಗೋಪ್ರೋ ಉದ್ದದ ವಿಡಿಯೋವನ್ನು ಅಧ್ಯಾಯಗಳಾಗಿ ಒಡೆಯುತ್ತದೆ. ಹೆಸರು ನೋಡಿ: ಜಿಎಚ್010034. ಮೊದಲ ಎರಡು ಅಂಕೆ ಅಧ್ಯಾಯ, ಉಳಿದ ನಾಲ್ಕು ವಿಡಿಯೋ ಸಂಖ್ಯೆ. ಅದರ ಮುಂದಿನ ತುಂಡು ಜಿಎಚ್020034. ಹೆಸರಿನ ಮೇಲೆ ಜೋಡಿಸಿದರೆ 010034 ಆದ ಮೇಲೆ 010035 ಬರುತ್ತದೆ. ನಿಮ್ಮ ಆನೆಯ ಎರಡನೇ ತುಂಡು 020034 ಎಲ್ಲಾ ಮುಗಿದ ಮೇಲೆ ಬರುತ್ತದೆ. ಸಮಯದ ಮೇಲೆ ಜೋಡಿಸಿ, ಇಲ್ಲವೇ ಕೊನೆಯ ನಾಲ್ಕು ಅಂಕೆ ನೋಡಿ ಕೈಯಲ್ಲೇ ಜೋಡಿಸಿ.

ಜೊತೆಗಿರುವ ಎಲ್‌ಆರ್‌ವಿ, ಟಿಎಚ್‌ಎಂ ಫೈಲ್ ಎಡಿಟಿಂಗಿಗೆ ಬೇಡ. ಅವು ಚಿಕ್ಕ ಪ್ರಿವ್ಯೂ ಮತ್ತು ಚಿತ್ರ.

ಫೋನಿನದು ಸೆಕೆಂಡಿಗೆ ಎಷ್ಟು ಫ್ರೇಮ್?

ಬನ್ನಿಮಂಟಪ ಬಾಯ್ · ಶುಕ್ರವಾರ ಬೆಳಿಗ್ಗೆ 11:55

30. ಗೋಪ್ರೋ 25. ಅರಮನೆ ದೀಪ ತೆಗೆದಿದ್ದರಲ್ಲಿ ಪಟ್ಟೆ ಪಟ್ಟೆ ಓಡುತ್ತೆ. ಪೂರ್ತಿ ಹಾಳಾ?

ಆಲೆಮನೆ ಹೊಗೆ · ಶುಕ್ರವಾರ ಮಧ್ಯಾಹ್ನ 12:40

ಪಟ್ಟೆ ಬರುವುದಕ್ಕೆ ಇಂಪೋರ್ಟ್ ಕಾರಣ ಅಲ್ಲ, ತೆಗೆಯುವಾಗಿನದು. ನಮ್ಮ ಕರೆಂಟ್ 50 ಹರ್ಟ್ಸ್. 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ ಇಟ್ಟರೆ ಹೆಚ್ಚಿನ ದೀಪಗಳ ಜೊತೆ ಹೊಂದುತ್ತದೆ. ಫೋನ್ 30ರಲ್ಲಿ ತನ್ನಿಷ್ಟದ ಶಟರ್ ಇಟ್ಟುಕೊಂಡರೆ ಪಟ್ಟೆ ಬರುತ್ತದೆ. ಮುಂದಿನ ದಸರಾಕ್ಕೆ ಫೋನನ್ನೂ 25ಕ್ಕೆ ಇಡಿ.

ಇಂಪೋರ್ಟಿನಲ್ಲಿ ತಲೆನೋವು ಬೇರೆ. ಫೋನ್ ಸಾಮಾನ್ಯವಾಗಿ ಒಂದೇ ವೇಗದಲ್ಲಿ ಬರೆಯುವುದಿಲ್ಲ. ಒಮ್ಮೆ 29, ಒಮ್ಮೆ 30, ಬೆಳಕು ಕಮ್ಮಿಯಾದರೆ ಇನ್ನೂ ಕೆಳಗೆ. ಟೈಮ್‌ಲೈನಿಗೆ ಹಾಕಿದರೆ ಹತ್ತು ನಿಮಿಷದ ಮೇಲೆ ಬ್ಯಾಂಡ್ ಸೆಟ್ಟಿನವರ ಕೈ ಒಂದು ಕಡೆ, ಡೋಲಿನ ಸದ್ದು ಇನ್ನೊಂದು ಕಡೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಒಮ್ಮೆ ಪರಿವರ್ತನೆ ಮಾಡಿ (ಅದು ವಿಡಿಯೋ ಕನ್ವರ್ಟರ್), ಆಮೇಲೆ ಇಂಪೋರ್ಟ್ ಮಾಡಿ.

ಮತ್ತೆ, ರಿಸಾಲ್ವ್‌ನಲ್ಲಿ ಮೊದಲ ಕ್ಲಿಪ್ ಹಾಕಿದಾಗ ಫ್ರೇಮ್‌ರೇಟ್ ಬದಲಿಸಲಾ ಅಂತ ಒಂದು ಪ್ರಶ್ನೆ ಬರುತ್ತದೆ. ನಾವು ಓದದೆ ಒತ್ತುವ ಕಿಟಕಿಗಳಲ್ಲಿ ಅದೂ ಒಂದು. ಪ್ರಾಜೆಕ್ಟ್ 25 ಅಂತ ಮೊದಲೇ ಸೆಟ್ ಮಾಡಿಕೊಂಡು, ಬದಲಿಸಬೇಡ ಅನ್ನಿ. ಮೊದಲು ಫೋನಿನ ಕ್ಲಿಪ್ ಹಾಕಿ ಹೂಂ ಅಂದುಬಿಟ್ಟರೆ, ಆ ಟೈಮ್‌ಲೈನಿನ ಫ್ರೇಮ್‌ರೇಟನ್ನು ಆಮೇಲೆ ತಿದ್ದೋಕೆ ಬಿಡುವುದಿಲ್ಲ.

ಮದ್ದೂರು ವಡೆ · ಶುಕ್ರವಾರ ಮಧ್ಯಾಹ್ನ 1:10

ನನ್ನದೊಂದು ಪೆದ್ದು ಪ್ರಶ್ನೆ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡಬಹುದಾ?

ಒಂಟಿಕೊಪ್ಪಲ್ ಎಡಿಟರ್ · ಶುಕ್ರವಾರ ಮಧ್ಯಾಹ್ನ 1:25

ಪೆದ್ದು ಪ್ರಶ್ನೆ ಅಲ್ಲ. ಬಿನ್ನಿಗೆ, ಕ್ಲಿಪ್ ಹೆಸರಿಗೆ ಧಾರಾಳವಾಗಿ ಕನ್ನಡ. ನನ್ನ ಬಿನ್‌ಗಳೆಲ್ಲ ಕನ್ನಡವೇ. ಡಿಸ್ಕಿನ ಫೋಲ್ಡರಿಗೆ ಮಾತ್ರ ನಾನು ಇಂಗ್ಲಿಷ್ ಅಕ್ಷರ, ಅಂಕೆ, ಅಡಿಗೆರೆ ಇಷ್ಟೇ ಬಳಸುತ್ತೇನೆ. ವಿಂಡೋಸ್ ಕನ್ನಡ ಒಪ್ಪುತ್ತದೆ, ಆದರೆ ಯಾವುದೋ ಹಳೇ ಪ್ಲಗಿನ್, ಯಾವುದೋ ಕನ್ವರ್ಟರ್ ಮುನಿಸಿಕೊಳ್ಳುತ್ತದೆ. ಮೇಡಂ ಹೇಳಿದ ಹೆಸರಿನಲ್ಲಿ 'ಎಕ್ಯಾಮ್', 'ಕಾರ್ಡ್' ಅನ್ನುವುದನ್ನೂ ಡಿಸ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಫೋಲ್ಡರೊಳಗೆ ಫೋಲ್ಡರ್ ಜಾಸ್ತಿ ಮಾಡಬೇಡಿ, ವಿಂಡೋಸ್‌ನಲ್ಲಿ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ಕೆಲವು ಸಾಫ್ಟ್‌ವೇರ್‌ಗಳು ತಡವರಿಸುತ್ತವೆ.

ಕಬ್ಬಿನಗದ್ದೆ · ಶುಕ್ರವಾರ ಮಧ್ಯಾಹ್ನ 2:50

ಬಂತು ಸಾರ್!! 78 ವಿಡಿಯೋ ಸಿಕ್ಕಿವೆ! ಅದರಲ್ಲಿ 40 ಬೀಗರೂಟ ಅಂತ ಲೆಕ್ಕ, ಉಳಿದ 38 ಮದುವೆ. ನೀವು ಹೇಳಿದ ಹಾಗೇ ಮೊದಲ ಕ್ಲಿಪ್‌ಗಳು ಇಲ್ಲ.

ಆದರೆ ಹೆಸರು ಒಂದೂ ಇಲ್ಲ. ಎಫ್ ಅಂತ ಅಕ್ಷರ, ಮುಂದೆ ಉದ್ದದ ಅಂಕೆ. ತಾರೀಖು ಎಲ್ಲದಕ್ಕೂ ಇವತ್ತಿನದೇ ತೋರಿಸುತ್ತಿದೆ. 78 ತೆರೆದು ನೋಡಲಾ?

ಹಳೇ ಕ್ಯಾಸೆಟ್ · ಶುಕ್ರವಾರ ಮಧ್ಯಾಹ್ನ 3:00

ನೋಡು ತಮ್ಮಾ. ಅದೇ ನಾನು ಬೆಳಿಗ್ಗೆ ಹೇಳಿದ್ದು.

ಒಂಟಿಕೊಪ್ಪಲ್ ಎಡಿಟರ್ · ಶುಕ್ರವಾರ ಮಧ್ಯಾಹ್ನ 3:20

ನೋಡಲೇಬೇಕು, ಆದರೆ ಮೊದಲು ಸಾಲಾಗಿ ನಿಲ್ಲಿಸಿ. ವಿಂಡೋಸ್ ತೋರಿಸುವುದು ಫೈಲ್ ಡಿಸ್ಕಿಗೆ ಬಂದ ತಾರೀಖು. ವಿಡಿಯೋದ ಹೊಟ್ಟೆಯೊಳಗೆ ಕ್ಯಾಮೆರಾ ಬರೆದ ಸಮಯ ಬೇರೆ ಇರುತ್ತದೆ. ಮೀಡಿಯಾಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಕ್ಲಿಪ್ ತೆರೆಯಿರಿ, ಎನ್‌ಕೋಡೆಡ್ ಡೇಟ್ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಅದು ಯುಟಿಸಿಯಲ್ಲಿ ಇರುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ 4:22 ಅಂತ ಕಂಡರೆ ಗಾಬರಿ ಬೇಡ, ಅದು 9:52.

ಎಕ್ಸಿಫ್‌ಟೂಲ್ ಅನ್ನೋದರಲ್ಲಿ ಒಂದೇ ಆಜ್ಞೆಗೆ ಎಲ್ಲಾ ಫೈಲ್‌ಗಳ ಹೆಸರನ್ನು ಆ ಸಮಯಕ್ಕೆ ಬದಲಿಸಬಹುದು. ಇದು ಇಂಪೋರ್ಟಿಗೆ ಮುಂಚೆ, ಇನ್ನೊಂದು ಕಾಪಿ ಇಟ್ಟುಕೊಂಡ ಮೇಲೆ. ಆಮೇಲೆ ಕ್ಲಿಪ್ ನೋಡುವ ಮುಂಚೆ ಲಗ್ನಪತ್ರಿಕೆ ತೆಗೆಯಿರಿ. ಮುಹೂರ್ತ ಎಷ್ಟಕ್ಕಿತ್ತು?

ಕಬ್ಬಿನಗದ್ದೆ · ಶುಕ್ರವಾರ ಮಧ್ಯಾಹ್ನ 3:35

ಬೆಳಿಗ್ಗೆ 9:30ರಿಂದ 10:15. ಪತ್ರಿಕೆ ಟಿವಿ ಮೇಲೇ ಇದೆ. ಅಯ್ಯೋ ಇದು ನನಗೆ ಹೊಳೆಯಲೇ ಇಲ್ಲ!

ಕಬ್ಬಿನಗದ್ದೆ · ಶುಕ್ರವಾರ ರಾತ್ರಿ 9:10

ಮಾಂಗಲ್ಯ ಸಿಕ್ಕಿತು. ನನ್ನದರಲ್ಲಿ ಅದು 9:52ಕ್ಕೆ ಅಲ್ಲ, 10:04ಕ್ಕೆ. ಹುಡುಗನ ಕೈ ನಡುಗುತ್ತಿದೆ, ಹಿಂದೆ ಅವನ ಅಕ್ಕ ಗಂಟು ಹಾಕೋಕೆ ಕೈ ಚಾಚಿದ್ದಾರೆ, ಅಕ್ಷತೆ ಲೆನ್ಸಿಗೇ ಬಡಿದು ಪಟಪಟ ಅನ್ನುತ್ತಿದೆ. ನೋಡಿ ಕೂತುಬಿಟ್ಟೆ ಸ್ವಲ್ಪ ಹೊತ್ತು.

ಹೋಗಿದ್ದು ಮೊದಲ 20 ಕ್ಲಿಪ್. ಚಪ್ಪರ, ವರಪೂಜೆ, ಹುಡುಗಿ ಮಂಟಪಕ್ಕೆ ಬರೋದು. ಹಾರ್ಡ್‌ಡಿಸ್ಕ್ ಮೇಲೆ ರಿಕುವಾ ಓಡಿಸಿದೆ. ಆರು ಸಿಕ್ಕಿದವು, ನಾಲ್ಕು ಮಾತ್ರ ಪ್ಲೇ ಆಗುತ್ತವೆ. ಭಾವಮೈದನ ಕ್ಯಾನನ್‌ನಲ್ಲಿ ವರಪೂಜೆ ಇದೆ, ಸ್ವಲ್ಪ ಸೊಟ್ಟ. ಮಂಟಪಕ್ಕೆ ಬರೋದು ಇಬ್ಬರದರಲ್ಲೂ ಇಲ್ಲ.

ಆಲೆಮನೆ ಹೊಗೆ · ಶುಕ್ರವಾರ ರಾತ್ರಿ 9:25

ತುಂಬಾ ಸಂತೋಷ! ಮಂಟಪಕ್ಕೆ ಬರೋದನ್ನು ಹುಡುಗಿಯ ಗೆಳತಿಯರು ಫೋನಲ್ಲಿ ಖಂಡಿತ ತೆಗೆದಿರುತ್ತಾರೆ, ಕೇಳಿ. ಆದರೆ ವಾಟ್ಸಾಪ್‌ನಲ್ಲಿ ಸುಮ್ನೆ ವಿಡಿಯೋ ಅಂತ ಕಳಿಸಿದರೆ ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, 2 ಜಿಬಿ ತನಕ ಇದ್ದಂಗೇ ಬರುತ್ತದೆ. ಬಂದದ್ದನ್ನು ಅದರದೇ ಫೋಲ್ಡರಿನಲ್ಲಿ ಇಡಿ, ಯಾರು ಕೊಟ್ಟಿದ್ದು ಅಂತ ಬರೆದು.

ಹಳೆಯ ಟೈಮ್‌ಲೈನ್ ಬಿಸಾಕಬೇಡಿ. ಮತ್ತೆ ಜೋಡಿಸುವಾಗ ಒಂದೊಂದೇ ಕ್ಲಿಪ್ ಲಿಂಕ್ ಮಾಡಿ.

ಒಂಟಿಕೊಪ್ಪಲ್ ಎಡಿಟರ್ · ಶುಕ್ರವಾರ ರಾತ್ರಿ 9:40

ಹೌದು, ಉಳಿದವನ್ನು ತಾನೇ ಹುಡುಕುವ ಟಿಕ್ ತೆಗೆದುಬಿಡಿ. ಹೆಸರು ಬದಲಾಗಿದೆಯಲ್ಲ, ಹೆಸರಿನ ಟಿಕ್ ಕೂಡ ತೆಗೆದು ಮೀಡಿಯಾ ಸ್ಟಾರ್ಟ್ ಟಿಕ್ ಮಾಡಿ. ಆಗ ಕ್ಲಿಪ್ ಶುರುವಾಗುವ ಟೈಮ್‌ಕೋಡ್ ನೋಡಿ ಹೊಂದಿಸುತ್ತದೆ.

ಬಿನ್ ಬಗ್ಗೆ ಹೇಳುವುದು ಬಾಕಿ ಇತ್ತು. ನನ್ನ ಮದುವೆ ಪ್ರಾಜೆಕ್ಟಿನಲ್ಲಿ ಬಿನ್‌ಗಳು ಶಾಸ್ತ್ರದ ಪ್ರಕಾರ. ಅರಿಶಿನ, ಚಪ್ಪರ, ವರಪೂಜೆ, ಧಾರೆ, ಆರತಕ್ಷತೆ, ಬೀಗರೂಟ. ಕ್ಯಾಮೆರಾ ಪ್ರಕಾರ ಬಿನ್ ಮಾಡಿದರೆ ಧಾರೆಯ ಹೊತ್ತಿಗೆ ಎ ಬಿನ್ ತೆರೆ, ಬಿ ಬಿನ್ ತೆರೆ ಅಂತ ಓಡಾಡಬೇಕು. ಯಾವ ಕ್ಯಾಮೆರಾ ಅಂತ ಗೊತ್ತಾಗೋಕೆ ಬಣ್ಣ ಇದೆಯಲ್ಲ, ಎ ಹಸಿರು, ಬಿ ಕಿತ್ತಳೆ. ಒಟ್ಟು ಏಳೆಂಟು ಬಿನ್ ಸಾಕು. ಮೂವತ್ತು ಬಿನ್ ಮಾಡುವವರನ್ನು ನೋಡಿದ್ದೇನೆ, ಯಾವುದರಲ್ಲಿ ಏನಿದೆ ಅಂತ ಹುಡುಕೋಕೆ ಇನ್ನೊಂದು ಬಿನ್ ಬೇಕು ಅವರಿಗೆ.

ಹಳೇ ಕ್ಯಾಸೆಟ್ · ಶುಕ್ರವಾರ ರಾತ್ರಿ 10:00

ನಾನು ಒಪ್ಪುವುದಿಲ್ಲ. ಕ್ಯಾಮೆರಾ ಪ್ರಕಾರವೇ ಇರಬೇಕು. ಯಾವ ಹುಡುಗ ಏನು ತೆಗೆದ ಅಂತ ಆಗಲೇ ಗೊತ್ತಾಗೋದು. ಅವನಿಗೆ ಬೈಯೋಕೂ ಅನುಕೂಲ.

ಆಲೆಮನೆ ಹೊಗೆ · ಶುಕ್ರವಾರ ರಾತ್ರಿ 10:20

ಸಾರ್ 😄 ಬೈಯೋಕೆ ಡಿಸ್ಕಿನ ಫೋಲ್ಡರ್ ಇದೆಯಲ್ಲ.

ಇಬ್ಬರೂ ಜಗಳ ಆಡಬೇಕಿಲ್ಲ. ನನ್ನ ಆಲೆಮನೆಯಲ್ಲಿ ಒಂದೇ ಕ್ಲಿಪ್ ಮೂರು ಕಡೆ ಬೇಕು. 12 ನಿಮಿಷದ ಒಂದು ಶಾಟ್ ಇದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಹಬೆ ಏಳುತ್ತಿದೆ, ಆ ಹಬೆಯೊಳಗಿಂದ ಅಡುವವರು ಬಂದು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ ನೋಡುತ್ತಾರೆ. ಹಾಗೆ ನೋಡುತ್ತಲೇ ಸಕ್ಕರೆ ಕಾರ್ಖಾನೆ ಬಿಟ್ಟು ಆಲೆಮನೆಗೆ ಕಬ್ಬು ಯಾಕೆ ಕೊಡುತ್ತಾರೆ ಅಂತ ಮಾತಾಡುತ್ತಾರೆ. ಅದು 'ಕೊಪ್ಪರಿಗೆ'ನಾ, 'ಮಾತು'ನಾ, 'ಹಬೆ'ನಾ? ಮೂರೂ. ಹಾಗಾಗಿ ನಾನು ಕೀವರ್ಡ್ ಹಾಕುತ್ತೇನೆ, ಸ್ಮಾರ್ಟ್ ಬಿನ್ ಮಾಡುತ್ತೇನೆ. 'ಹಬೆ' ಅಂತ ಕೀವರ್ಡ್ ಇರುವ ಎಲ್ಲಾ ಕ್ಲಿಪ್ ತಾನೇ ಬಂದು ಆ ಬಿನ್ನಿನಲ್ಲಿ ಕೂರುತ್ತವೆ. ಕ್ಲಿಪ್ ಜಾಗ ಬಿಟ್ಟು ಕದಲುವುದಿಲ್ಲ.

ಕೀವರ್ಡ್ ಹಾಕುವುದು ಬೇಜಾರಿನ ಕೆಲಸ. ಒಂದು ಪೂರಾ ಭಾನುವಾರ ಹೋಯಿತು. ಆದರೆ ಆ ಭಾನುವಾರವೇ ಸಿನಿಮಾ ಹೇಗೆ ಶುರುವಾಗಬೇಕು ಅಂತ ಗೊತ್ತಾಗಿದ್ದು. 31 ಹಬೆ ಕ್ಲಿಪ್ ಒಟ್ಟಿಗೆ ನೋಡಿದಾಗ.

ಬನ್ನಿಮಂಟಪ ಬಾಯ್ · ಶನಿವಾರ ಬೆಳಿಗ್ಗೆ 8:00

ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಫೈಲೇ ಕಾಣಿಸಲ್ಲ ಮೇಡಂ, ಬ್ಯಾಕಪ್ ಎಲ್ಲಿಂದ ತೆಗೀಲಿ?

ಆಲೆಮನೆ ಹೊಗೆ · ಶನಿವಾರ ಬೆಳಿಗ್ಗೆ 8:45

ಅದು ಒಳಗೇ ಒಂದು ಪ್ರಾಜೆಕ್ಟ್ ಲೈಬ್ರರಿಯಲ್ಲಿ ಇರುತ್ತದೆ. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹೋಗಿ ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಅಂದರೆ ಚಿಕ್ಕ ಫೈಲ್ ಕೊಡುತ್ತದೆ, ವಿಡಿಯೋ ಇರುವುದಿಲ್ಲ. ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್ ಅಂದರೆ ವಿಡಿಯೋ ಸಮೇತ ಕಟ್ಟಿಕೊಡುತ್ತದೆ. ಪ್ರೀಮಿಯರಿನಲ್ಲಿ ಇದೇ ಕೆಲಸಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಅಂತಲೇ ಇದೆ. ನಾನು ಫುಟೇಜ್ ಎರಡು ಡಿಸ್ಕಿನಲ್ಲಿ ಇಡುತ್ತೇನೆ, ಒಂದು ನನ್ನ ಹತ್ತಿರ, ಇನ್ನೊಂದು ಅಮ್ಮನ ಮನೆಯಲ್ಲಿ. ಅಮ್ಮ ಅದನ್ನು ಬೆಳ್ಳಿ ಸಾಮಾನಿನ ಜೊತೆ ಇಟ್ಟಿದ್ದಾರೆ.

ಕಬ್ಬಿನಗದ್ದೆ · ಸೋಮವಾರ ರಾತ್ರಿ 8:15

ಎಲ್ಲರಿಗೂ ಥ್ಯಾಂಕ್ಸ್. ಹುಡುಗಿಯ ಗೆಳತಿ ಮಂಟಪದ್ದು ಡಾಕ್ಯುಮೆಂಟ್ ಆಗಿ ಕಳಿಸಿದರು. ಹ್ಯಾಂಡ್‌ಬ್ರೇಕ್ ಮಾಡಿ ಹಾಕಿದೆ. ಚಪ್ಪರದ್ದು ಹೋಯಿತು, ಅಲ್ಲಿ ಫೋಟೋ ಹಾಕಿದ್ದೇನೆ. ಹುಡುಗಿ ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೂವರೆ ಸಾವಿರ ಕಮ್ಮಿ ಮಾಡಿಕೊಂಡರು.

78 ಕ್ಲಿಪ್ಪೂ ಪೂರ್ತಿ ನೋಡಿದೆ ಹಳೇ ಕ್ಯಾಸೆಟ್ ಸಾರ್, ನೋಟ್‌ಬುಕ್ ಇಟ್ಟುಕೊಂಡು. ಧಾರೆ ಹೊತ್ತಿನಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಹುಡುಗಿಯ ತಮ್ಮ ಒಬ್ಬನೇ ಕೂತು ಅಳುತ್ತಿದ್ದಾನೆ. ತೆಗೆದಿದ್ದು ನಾನೇ, ನನಗೇ ಗೊತ್ತಿರಲಿಲ್ಲ. ಅದನ್ನು ಹಾಕಿದೆ.

ಒಂದೇ ಡೌಟು ಉಳಿದಿದೆ. ಮುದ್ದೆ ಮುರಿಯುವ ಮಾವನ ಕ್ಲಿಪ್ ಬೀಗರೂಟದ ಬಿನ್ನಿಗೆ ಹಾಕಿದ್ದೇನೆ. ಹುಡುಗ ಆ ತಪ್ಪಾದ ವರ್ಷನ್ ಬಗ್ಗೆ ಕೇಳಿ, ಅದನ್ನೂ ಸಪರೇಟ್ ಆಗಿ ಕೊಡಿ ಅಂತಿದ್ದಾನೆ. ಕೊಡಲಾ?

ಮದ್ದೂರು ವಡೆ · ಸೋಮವಾರ ರಾತ್ರಿ 8:17

ಕೊಡಿ ಅಣ್ಣ, ಅದಕ್ಕೆ ಎರಡು ಸಾವಿರ ಎಕ್ಸ್‌ಟ್ರಾ ಇಸ್ಕೊಳ್ಳಿ.